ಮೀಯಿಸುವ ಅಜ್ಜಿಯ ಕೈ

ಮೊನ್ನೆ ಒಬ್ಬ ಹುಡುಗಿ ರವಿಕೆಯ ಅಳತೆ ಕೊಡಲು ಬಂದಿದ್ದಳು. ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಒಂದು ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೊಂದು ಕನ್ನಡಿ, ಅಷ್ಟೆ. ಆ ಹುಡುಗಿಗೆ ಕೊಪ್ಪ ತವರು, ಕೊಟ್ಟದ್ದು ಸೀತೂರಿಗೆ. ಕಂಕುಳಲ್ಲಿ ಆರೇಳು ತಿಂಗಳ ಮಗು. ಅಳತೆ ಕೊಡಲು ಕೈ ಎತ್ತಬೇಕಲ್ಲ, ಮಗುವನ್ನು ಮೇಜಿನ ಮೇಲೆ ಬಟ್ಟೆಗಳ ನಡುವೆ ಮಲಗಿಸಿದಳು. ನಾನು ಟೇಪು ಹಿಡಿದು ಬಗ್ಗಿದಾಗ ಮಗುವಿನ ಮೈಯಿಂದ ಹರಳೆಣ್ಣೆಯ ವಾಸನೆ ಬಂತು. ಬರೀ ಹರಳೆಣ್ಣೆಯದ್ದಲ್ಲ, ವೀಳ್ಯದೆಲೆ ಹಾಕಿ ಕಾಯಿಸಿದ ಹರಳೆಣ್ಣೆಯದ್ದು. ಟೇಪು ಕೈಯಿಂದ ಜಾರಿತು...

“ಎಂತ ಆಯ್ತು ಆಂಟಿ?” ಎಂದಳು ಹುಡುಗಿ.

ಸೆಕೆ ಎಂದೆ. ಹೊರಗೆ ಮೋಡ ಕವಿದು, ಜನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರು.

ಆ ವಾಸನೆಯನ್ನು ಮನೆಯೊಳಗೆ ಬಿಟ್ಟುಕೊಳ್ಳದೆ ಹತ್ತು ವರ್ಷದ ಮೇಲಾಯಿತು. ಅದು ನಮ್ಮ ಹಿತ್ತಲಿಗೆ ತಾಗಿದ ಮನೆಯ ಅಜ್ಜಿಯ ವಾಸನೆ. ಕೇರಿಯಲ್ಲಿ ಎಲ್ಲರೂ ಅವಳನ್ನು ಮೀಯಿಸುವ ಅಜ್ಜಿ ಎನ್ನುತ್ತಿದ್ದರು. ಯಾವ ಮನೆಯಲ್ಲಿ ಹೆರಿಗೆಯಾದರೂ ಪುರುಡು ಕಳೆದ ಮಾರನೆಯ ಬೆಳಿಗ್ಗೆ ಅವಳು ಸೀರೆ ಎತ್ತಿ ಕಟ್ಟಿಕೊಂಡು ಆ ಮನೆಯ ಬಚ್ಚಲಿಗೆ ಬರುತ್ತಿದ್ದಳು. ಮಣೆಯ ಮೇಲೆ ಕಾಲು ನೀಡಿ ಕೂತು, ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಹೊಯ್ದು, ಮಗು ಕೆಂಪಗೆ ಚಿಗುರಿನ ಹಾಗಾಗುವವರೆಗೆ ತಿಕ್ಕುತ್ತಿದ್ದಳು. ಬಾಯಿ ಮಾತ್ರ ಒಂದು ಕ್ಷಣ ಮುಚ್ಚುತ್ತಿರಲಿಲ್ಲ. “ಅಪ್ಪನ ಮೂಗು ತಂದಿದ್ದೀಯಲ್ಲ ಮಾಣಿ, ನೀವಿ ನೀವಿ ನನ್ನ ಕೈ ಸೋತು ಹೋಯ್ತು” ಎಂದು ಮಗುವಿಗೆ ಬೈದರೆ, ಬಾಗಿಲಲ್ಲಿ ನಿಂತ ಅಪ್ಪ ಮೂಗು ಮುಟ್ಟಿಕೊಂಡು ಒಳಗೆ ಹೋಗುತ್ತಿದ್ದ.

ನನ್ನ ಗಂಡನನ್ನೂ ಮೀಯಿಸಿದವಳು ಅವಳೇ. ಅವರು ಕೊಪ್ಪದಿಂದ ಶೃಂಗೇರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಅಜ್ಜಿ ಹತ್ತಿದಾಗ ಪಾಪ, ಡ್ಯೂಟಿ ಎಂದು ಟಿಕೆಟ್ ಕೇಳಿದರೆ, “ಇವನ ಕುಂಡೆ ತೊಳೆದವಳು ನಾನು, ನನ್ನ ಹತ್ರ ಟಿಕೆಟ್ ಕೇಳ್ತಾನೆ ನೋಡಿ” ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಆಮೇಲೆ ಅವರು ಅಜ್ಜಿಯನ್ನು ಕಂಡರೆ ಬಸ್ಸಿನ ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ನಾನು ಮದುವೆಯಾಗಿ ಬರುವಾಗ ಅತ್ತೆ ತೀರಿಹೋಗಿದ್ದರು. ನನಗೆ ತಾಯಿಯೂ ಇರಲಿಲ್ಲ. ನನ್ನ ಬಾಣಂತನ ಮಾಡಿದ್ದು ಈ ಅಜ್ಜಿಯೇ. ನನಗೆ ಎಣ್ಣೆ ಹಚ್ಚಿ, ನೀರು ಹೊಯ್ದು, ಸೊಂಟಕ್ಕೆ ಬಟ್ಟೆ ಬಿಗಿದು, ಕಾಳುಮೆಣಸಿನ ಸಾರು ಕುಡಿಸಿದವಳು. ಈ ಋಣವನ್ನು ನಾನು ಮರೆತಿಲ್ಲ. ಮರೆತಿದ್ದರೆ ಒಳ್ಳೆಯದಿತ್ತು, ಸಿಟ್ಟಾದರೂ ಸಲೀಸಾಗಿ ಇರುತ್ತಿತ್ತು.

ಬೇರೆ ಮಕ್ಕಳೆಲ್ಲ ವರ್ಷ ತುಂಬುವ ಹೊತ್ತಿಗೆ ಅಜ್ಜಿಯ ಕೈ ತಪ್ಪಿಸಿಕೊಂಡು ಓಡುತ್ತಿದ್ದವು. ನನ್ನ ಮಗಳು ಓಡಲಿಲ್ಲ. ನಾಲ್ಕು ತುಂಬುತ್ತ ಬಂದರೂ ಶನಿವಾರ ಬಂತೆಂದರೆ ತಾನೇ ಮಣೆ ಎಳೆದುಕೊಂಡು ಬಚ್ಚಲಲ್ಲಿ ಕೂತಿರುತ್ತಿದ್ದಳು. ಮಿಂದಾದ ಮೇಲೆ ಅಜ್ಜಿ ಹೊಟ್ಟೆ ನೀವಬೇಕು. ಅದೊಂದು ಪದ್ಧತಿ ಅವಳದ್ದು, ಕೊನೆಯಲ್ಲಿ ಅಂಗೈಗೆ ಒಂದು ತೊಟ್ಟು ಬಿಸಿ ಎಣ್ಣೆ ಹಾಕಿಕೊಂಡು ಮಕ್ಕಳ ಹೊಟ್ಟೆ ನೀವುವುದು. ಅಷ್ಟಾದರೆ ಮಗಳು ಅಲ್ಲೇ ಕಣ್ಣು ಮುಚ್ಚುತ್ತಿದ್ದಳು, ಒದ್ದೆ ಟವೆಲಿನಲ್ಲೇ ಎತ್ತಿ ತಂದು ಮಲಗಿಸಬೇಕಿತ್ತು.

ಹಾಗೆ ನೀವುವಾಗಲೇ ಒಂದು ಶನಿವಾರ ಅಜ್ಜಿಯ ಕೈ ನಿಂತಿತು.

“ಇಲ್ಲಿ ಬಾ ಮಾರಾಯ್ತಿ, ಕೂಸಿನ ಹೊಟ್ಟೇಲಿ ಎಡಗಡೆ ಎಂತೋ ಗಟ್ಟಿ ಸಿಗ್ತದೆ” ಎಂದಳು.

ನಾನೂ ಮುಟ್ಟಿ ನೋಡಿದೆ. ಪಕ್ಕೆಲುಬಿನ ಕೆಳಗೆ ನಯವಾಗಿ, ಗಟ್ಟಿಯಾಗಿ, ಒಂದು ಎಳೆಯ ಮಾವಿನಕಾಯಿಯಷ್ಟು. “ನೋವಾ ಪುಟ್ಟಿ?” ಎಂದರೆ ಕಚಗುಳಿ ಎಂದು ನಗುತ್ತಾಳೆ. ನೋವಿಲ್ಲ, ಜ್ವರವಿಲ್ಲ, ಉಣ್ಣುತ್ತಾಳೆ, ಆಡುತ್ತಾಳೆ. ಮೂತ್ರಪಿಂಡದಲ್ಲಿ ಹುಟ್ಟುವ ಆ ಗಡ್ಡೆಯ ಮೋಸವೇ ಅದು ಎಂದು ಆಮೇಲೆ ಡಾಕ್ಟರು ಹೇಳಿದರು. ಮಗುವಿಗೆ ನೋವು ಕೊಡದೆ ಬೆಳೆಯುತ್ತದಂತೆ. ಹೆಚ್ಚಾಗಿ ಅದು ಕೈಗೆ ಸಿಗುವುದು ತಾಯಂದಿರಿಗೆ, ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ.

ನಮ್ಮ ಕಡೆ ಮಕ್ಕಳ ಹೊಟ್ಟೆ ಗಟ್ಟಿಯಾದರೆ ಅದಕ್ಕೆ ಗುಲ್ಮ ಎನ್ನುತ್ತಾರೆ. ಎಣ್ಣೆ ಹಾಕಿ ನೀವಿದರೆ, ಬಿಸಿ ಎಲೆಯ ಶಾಖ ಕೊಟ್ಟರೆ ಗುಲ್ಮ ಕರಗುತ್ತದೆ ಎಂಬುದು ಕೇರಿಗೆಲ್ಲ ಗೊತ್ತಿದ್ದ ವಿಷಯ. ಅಜ್ಜಿ ಗುಲ್ಮ ಎಂದಳು. ಎದುರು ಮನೆಯವರು, ಪಕ್ಕದ ಮನೆಯವರು, ಹಾಲಿಗೆ ಬಂದವರು, ಎಲ್ಲರೂ ಬಂದು ಮುಟ್ಟಿ ನೋಡಿ ಗುಲ್ಮವೇ ಎಂದರು. ನಾನೂ ಎಂದೆ. ಶನಿವಾರದ ಸ್ನಾನ ದಿನಾ ಬೆಳಗಿನ ಸ್ನಾನವಾಯಿತು. ಅಜ್ಜಿ ವೀಳ್ಯದೆಲೆ ಹಾಕಿ ಹರಳೆಣ್ಣೆ ಕಾಯಿಸಿ ತಂದು, ಹೆಬ್ಬೆರಳು ಊರಿ ಊರಿ ಆ ಗಡ್ಡೆಯನ್ನು ತಿಕ್ಕಿದಳು. ಮೊದಲು ನೀವುತ್ತಿದ್ದದ್ದು ಬೇರೆ, ಇದು ಬೇರೆ. ಇದು ಚಪಾತಿ ಹಿಟ್ಟು ನಾದಿದ ಹಾಗೆ. “ಕರಗ್ತಾ ಬಂತು ನೋಡು” ಎನ್ನುತ್ತಿದ್ದಳು. ಹಾಗೆ ಒಂದು ತಿಂಗಳು ಹೋಯಿತು... ಹೆಚ್ಚೂ ಇರಬಹುದು.

ನಾನು ಟೈಲರ್. ಮಗಳ ಫ್ರಾಕು ತೋಳಿನಲ್ಲಿ ಸಡಿಲ, ಸೊಂಟದಲ್ಲಿ ಬಿಗಿಯಾದದ್ದು ನಿನಗೆ ಕಾಣಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಿದವರೂ ಇದ್ದಾರೆ. ಕಂಡಿತು. ಮಗು ಮೈ ತುಂಬಿಕೊಂಡಿದೆ ಎಂದು ಹೊಲಿಗೆ ಬಿಚ್ಚಿ ಅಗಲ ಮಾಡಿ ಕೊಟ್ಟೆ. ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬೀಡಿ ಸೇದುವವರಿಗೆ, ಹೊಗೆಸೊಪ್ಪು ಹಾಕುವವರಿಗೆ ಬರುವ ಕಾಯಿಲೆ ಫ್ರಾಕು ಹಾಕುವವರಿಗೆ ಯಾಕೆ ಬರಬೇಕು?

ಒಂದು ದಿನ ಮೂತ್ರ ಕೆಂಪಗೆ ಹೋಯಿತು. ಹಿಂದಿನ ದಿನ ಬೀಟ್ರೂಟ್ ಪಲ್ಯ ಮಾಡಿದ್ದೆ, ಅದೇ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ಅಜ್ಜಿ ತಿಕ್ಕಿ ಎದ್ದು ಹೋದ ಸ್ವಲ್ಪ ಹೊತ್ತಿಗೆ ಮಗಳು ಮುದುಡಿ ಬಿದ್ದಳು. ಮುಖ ಸುಣ್ಣದ ಹಾಗೆ ಬಿಳಿ, ಹೊಟ್ಟೆ ಉಬ್ಬಿ ಬಿಗಿಯಾಗಿತ್ತು. ಕೊಪ್ಪದ ಡಾಕ್ಟರು ಅಂಗಿ ಎತ್ತಿ ಕೈ ಇಟ್ಟವರು ಬಿಸಿ ಪಾತ್ರೆ ಮುಟ್ಟಿದಂತೆ ಕೈ ತೆಗೆದರು. ಎಣ್ಣೆಯಲ್ಲಿ ಹೊಳೆಯುತ್ತಿದ್ದ ಹೊಟ್ಟೆಯನ್ನು ನೋಡಿ, “ಇದನ್ನ ಯಾರಾದ್ರೂ ಒತ್ತಿದ್ರಾ?” ಎಂದು ಕೇಳಿದರು. ನಾನು ಹೌದು ಎಂದೆ. ಅವರು ಕೂಡಲೇ ಒಂದು ಸ್ಕ್ಯಾನ್ ಮಾಡಿಸಿ ಆಂಬುಲೆನ್ಸಿಗೆ ಫೋನು ಮಾಡಿದರು. ಆಗುಂಬೆ ಘಾಟಿ ಇಳಿಯುವಾಗ ಪ್ರತಿ ತಿರುವಿನಲ್ಲೂ ಮಗಳು ಕೂಗಿದಳು.

ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಕ್ಯಾನ್ಸರ್ ನೋಡುವ ಡಾಕ್ಟರಮ್ಮ ಒಬ್ಬರಿದ್ದರು. ಇನ್ನೂ ಚಿಕ್ಕ ವಯಸ್ಸು. ಮೆತ್ತಗೆ ಮಾತಾಡುತ್ತಿದ್ದರು. ಇದು ಚಿಕ್ಕ ಮಕ್ಕಳ ಮೂತ್ರಪಿಂಡದಲ್ಲಿ ಬರುವ ಕ್ಯಾನ್ಸರ್, ಹೆದರಬೇಡಿ, ಇದರಲ್ಲಿ ಹೆಚ್ಚಿನ ಮಕ್ಕಳು ಗುಣವಾಗಿ ಶಾಲೆಗೆ ಹೋಗುತ್ತಾರೆ, ಒಂದೇ ಮೂತ್ರಪಿಂಡದಲ್ಲಿ ಇಡೀ ಜನ್ಮ ಬದುಕಬಹುದು ಎಂದರು. ನನಗೆ ಉಸಿರು ಬಂದಂತಾಯಿತು. ಆಮೇಲೆ ಅವರು, ಆದರೆ ನಿಮ್ಮ ಮಗುವಿನ ಗಡ್ಡೆ ಒಡೆದಿದೆ ಎಂದರು. ಒಡೆದರೆ ಅದರ ಕಣಗಳು ಹೊಟ್ಟೆಯೊಳಗೆಲ್ಲ ಚೆಲ್ಲುತ್ತವಂತೆ. ಇದಕ್ಕಾಗಿಯೇ ಅದನ್ನು ಒತ್ತಬಾರದು, ಡಾಕ್ಟರುಗಳು ಕೂಡ ಪದೇ ಪದೇ ಮುಟ್ಟಿ ನೋಡಬಾರದು ಎಂದರು.

ನರ್ಸು ಒಂದು ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ‘ಹೊಟ್ಟೆ ಒತ್ತಬೇಡಿ’ ಎಂದು ಬರೆದು ಮಗಳ ಮಂಚಕ್ಕೆ ಕಟ್ಟಿದಳು. ಬಿಳಿ ಕೋಟಿನವರು ಬಂದರೂ ಮೊದಲು ಅದನ್ನು ಓದಿ, ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ನಾನು ಬೆಳಗಿನಿಂದ ಸಂಜೆಯವರೆಗೆ ಆ ಅಕ್ಷರಗಳ ಎದುರಿಗೆ ಕೂತಿರುತ್ತಿದ್ದೆ. ಓದಿದಾಗೆಲ್ಲ ಅಜ್ಜಿಯ ಹೆಬ್ಬೆರಳು ಕಣ್ಣಿಗೆ ಬರುತ್ತಿತ್ತು.

ಬಟ್ಟೆ ತೆಗೆದುಕೊಂಡು ಹೋಗಲು ನಾನು ಒಂದು ದಿನ ಕೊಪ್ಪಕ್ಕೆ ಬಂದೆ. ಬೀದಿಯ ತುದಿಯಲ್ಲೇ ಅಜ್ಜಿ ಓಡಿಬಂದಳು. “ಕೂಸು ಹೆಂಗಿದೆ? ಎಂತ ಹೇಳಿದ್ರು?” ಎಂದಳು. ನಾನು ಮದುವೆಯಾಗಿ ಬಂದ ದಿನದಿಂದ ಅವಳಿಗೆ ನೀವು ಎನ್ನುತ್ತಿದ್ದವಳು. ಅವತ್ತು ನೀವು ಹೋಗಿ ನೀನು ಬಂತು. “ನನ್ನ ಮಗಳನ್ನ ಕೊಂದ್ಯಲ್ಲೇ ಮುದುಕಿ, ನಿನ್ನ ಕೈ ಕೊಳೆತು ಹೋಗ” ಎಂದೆ. ಬೀದಿಯಲ್ಲಿ ನಿಂತು, ಗಂಟಲು ಹರಿಯುವ ಹಾಗೆ. ಎಲ್ಲರ ಬಾಗಿಲಲ್ಲೂ ಜನ ನಿಂತಿದ್ದರು. ಬಂದು ಬಂದು ಮುಟ್ಟಿ ಗುಲ್ಮ ಎಂದವರೇ ಈಗ, ನಮಗೆ ಅವತ್ತೇ ಅನುಮಾನ ಇತ್ತಪ್ಪ ಎಂದು ಮಾತಾಡಿಕೊಂಡರು. ಅಜ್ಜಿ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಹಿಂದಿರುಗಿದಳು. ಆ ದಿನದಿಂದ ಕೇರಿಯ ಯಾರೂ ಅವಳನ್ನು ಬಚ್ಚಲಿಗೆ ಕರೆಯಲಿಲ್ಲ. ಬೈದದ್ದಕ್ಕೆ ನನಗೆ ಬೇಸರವಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನನಗೆ ಬೇಸರವಿಲ್ಲ. ಆ ಹೊತ್ತಿನಲ್ಲಿ ಯಾವ ತಾಯಿಯಾದರೂ ಬೈಯುತ್ತಿದ್ದಳು.

ಚಿಕಿತ್ಸೆ ಶುರುವಾಯಿತು. ಮೊದಲು ಗಡ್ಡೆ ಚಿಕ್ಕದಾಗಲೆಂದು ನರಕ್ಕೆ ಔಷಧಿ, ಆಮೇಲೆ ಆಪರೇಷನ್. ಗಡ್ಡೆಯನ್ನೂ ಎಡಗಡೆಯ ಮೂತ್ರಪಿಂಡವನ್ನೂ ಒಟ್ಟಿಗೆ ತೆಗೆದರು. ಅದನ್ನು ಲ್ಯಾಬಿನಲ್ಲಿ ನೋಡಿ, ಈ ಕಾಯಿಲೆಯಲ್ಲೇ ಇದು ಕೆಟ್ಟ ಜಾತಿಯದು, ಔಷಧಿ ಜೋರಾಗಿ ಕೊಡಬೇಕು, ಕರೆಂಟೂ ಕೊಡಬೇಕು ಎಂದರು. ನಾವು ಕರೆಂಟು ಎನ್ನುವುದು ರೇಡಿಯೇಷನ್ನಿಗೆ. ಹೊಟ್ಟೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದು, ಮಗು ಅಲ್ಲಾಡಬಾರದೆಂದು ಮಂಪರು ಬರಿಸಿ ಒಳಗೆ ಕರೆದುಕೊಂಡು ಹೋಗುತ್ತಿದ್ದರು. ಬಟ್ಟೆ ಕತ್ತರಿಸುವ ಮುಂಚೆ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇನಲ್ಲ, ಹಾಗೆ. ಕೆಂಪು ಬಣ್ಣದ ಒಂದು ಔಷಧಿ ಇತ್ತು. ಅದು ಹನಿಹನಿಯಾಗಿ ಇಳಿಯುವುದನ್ನು ಕಂಡರೇ ಮಗಳಿಗೆ ವಾಂತಿ. ಇನ್ನೊಂದರಿಂದ ದವಡೆ ನೋವು, ಹೊಟ್ಟೆ ಕಟ್ಟುವುದು, ನಡೆದರೆ ಕಾಲು ಎಳೆಯುವುದು. ಕೂದಲು ದಿಂಬಿನ ಮೇಲೆ ಉಳಿಯಿತು. ಬಾಯಿ ತುಂಬ ಹುಣ್ಣಾಗಿ ನೀರು ಕುಡಿದರೂ ಅಳುತ್ತಿದ್ದಳು.

ಅಷ್ಟು ನೋವಿನಲ್ಲಿ ಅವಳು ಕೇಳಿದ್ದು ನನ್ನನ್ನಲ್ಲ. ನಾನು ಪಕ್ಕದಲ್ಲೇ ಇದ್ದೆ, ಚಿಕಿತ್ಸೆ ಶುರುವಾದ ಮೇಲೆ ಬಿಟ್ಟು ಎದ್ದವಳಲ್ಲ. “ಅಜ್ಜಿ ಬರ್ಲಿ. ಅಜ್ಜಿ ಹೊಟ್ಟೆ ನೀವ್ಲಿ” ಎನ್ನುತ್ತಿದ್ದಳು. ಅಜ್ಜಿ ಊರಿಗೆ ಹೋಗಿದ್ದಾಳೆ ಎಂದು ಸುಳ್ಳು ಹೇಳುತ್ತಿದ್ದೆ. ಹೊಟ್ಟೆಕಿಚ್ಚಾಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಆಗುತ್ತಿತ್ತು.

ಗಂಡ ಒಮ್ಮೆ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟರು. ಅಜ್ಜಿ ಹೊಟ್ಟೆ ತಿಕ್ಕಿದ್ದರಿಂದಲೇ ಹೀಗಾಯಿತೇ ಎಂದು. “ಹಾಗೆ ಹೇಳಕ್ಕಾಗಲ್ಲ. ತಾನಾಗಿಯೂ ಒಡೆಯುತ್ತೆ. ಕೆಟ್ಟ ಜಾತಿಯದ್ದಾಗಿದ್ದು ಯಾರ ಕೈಯಿಂದಲೂ ಅಲ್ಲ. ಆದರೆ ಒತ್ತಬಾರದಿತ್ತು, ಅಷ್ಟು ದಿನ ಕಾಯಬಾರದಿತ್ತು” ಎಂದರು. ಮುಂದಿನ ಸಲ ಊರಿಗೆ ಹೋದಾಗ ಗಂಡ ಅಜ್ಜಿಯ ಮನೆಗೆ ಹೋಗಿ ಇದನ್ನು ಹೇಳಿಬಂದರು. ಅಜ್ಜಿ ಹೂಂ ಎಂದಳಂತೆ. ಅಷ್ಟೇ.

ಔಷಧಿ ಮುಗಿದ ಮೇಲೆ ಕೆಲವು ತಿಂಗಳು ಚೆನ್ನಾಗಿದ್ದವು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಅಜ್ಜಿ ಹಿತ್ತಲ ಕಡೆಯ ಬಾಗಿಲು ಹಾಕಿಕೊಂಡೇ ಇರುತ್ತಿದ್ದಳು, ಊರಿಗೆ ಹೋಗಿದ್ದಾಳೆ ಎಂಬ ಸುಳ್ಳೇ ಮನೆಯಲ್ಲೂ ನಡೆಯಿತು. ತಲೆಯ ಮೇಲೆ ಹೆಸರುಕಾಳಿನ ಮೊಳಕೆಯ ಹಾಗೆ ಕೂದಲು ಬಂತು. ಹೊಟ್ಟೆಗೆ ಅಡ್ಡಲಾಗಿ ಇದ್ದ ಹೊಲಿಗೆಯ ಗುರುತನ್ನು ಕಂಡವರಿಗೆಲ್ಲ ಫ್ರಾಕು ಎತ್ತಿ ತೋರಿಸಿ, “ನಂಗೂ ಜಿಪ್ ಹಾಕಿದಾರೆ” ಎನ್ನುತ್ತಿದ್ದಳು, ಟೈಲರ್ ಮಗಳಲ್ಲವೇ. ಅಪ್ಪನ ಬಸ್ಸಿನಲ್ಲೇ ಶೃಂಗೇರಿಗೆ ಹೋಗಿ ಹೊಳೆಯ ಮೀನುಗಳಿಗೆ ಮಂಡಕ್ಕಿ ಹಾಕಿದೆವು. ಆ ಮೀನುಗಳಿಗೂ ಜಿಪ್ ತೋರಿಸಿದಳು. ನಾನು ಅವತ್ತು ತುಂಬ ನಕ್ಕಿದ್ದೆ... ಅಷ್ಟು ನಗಬಾರದಿತ್ತೇನೋ ಎಂದು ಎಷ್ಟೋ ಸಲ ಅನಿಸಿದೆ.

ಆಮೇಲೆ ಕೆಮ್ಮು. ಶೀತವೆಂದು ಕೊಟ್ಟ ಸಿರಪ್ಪಿಗೆ ಹೋಗಲಿಲ್ಲ. ಮತ್ತೆ ಘಾಟಿ ಇಳಿದೆವು. ಶ್ವಾಸಕೋಶದಲ್ಲಿ ಗಂಟುಗಳು, ಹೊಟ್ಟೆಯಲ್ಲಿ ಮತ್ತೆ ಗಡ್ಡೆ. ಅದೇ ರಟ್ಟು ಮತ್ತೆ ಮಂಚಕ್ಕೆ ಬಂತು, ಅಥವಾ ಅಂಥದ್ದೇ ಇನ್ನೊಂದು. ಬೇರೆ ಔಷಧಿ ಕೊಟ್ಟು ನೋಡಿದರು. ಅದು ಮಗಳ ಮೈಯಲ್ಲಿ ಉಳಿದಿದ್ದ ಮಾಂಸವನ್ನು ತಿಂದಿತು, ಗಡ್ಡೆಯನ್ನು ತಿನ್ನಲಿಲ್ಲ.

ಒಂದು ಬೆಳಿಗ್ಗೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ತಮ್ಮ ಕೋಣೆಯಲ್ಲಿ ಕೂರಿಸಿಕೊಂಡರು. ಮನೆಗೆ ಕರೆದುಕೊಂಡು ಹೋಗಿ ಎಂದರು. ನೋವಿಗೆ ಒಂದು ಸಿರಪ್ ಬರೆದುಕೊಟ್ಟು, ಹೊತ್ತು ತಪ್ಪಿಸದೆ ಕೊಡಿ, ಅವಳು ಏನು ಕೇಳುತ್ತಾಳೋ ಅದನ್ನು ಮಾಡಿ ಎಂದರು. ಗಂಡ ಅಳುತ್ತಿದ್ದರು. ನನಗೆ ಬಾಯಿಗೆ ಬಂದದ್ದು ಒಂದೇ ಮಾತು.

“ಹೊಟ್ಟೆ ಮುಟ್ಟಬಹುದಾ?”

“ಮುಟ್ಟಬಹುದಮ್ಮ. ಮೆತ್ತಗೆ ನೀವಿದರೂ ಪರವಾಗಿಲ್ಲ” ಎಂದರು. ಫೈಲು ಮುಚ್ಚುತ್ತ, “ಇನ್ನು ಅದರಿಂದ ಏನೂ ತೊಂದರೆ ಆಗಲ್ಲ” ಎಂದರು. ನಾವು ವಾರ್ಡಿಗೆ ಬರುವಷ್ಟರಲ್ಲಿ ನರ್ಸು ರಟ್ಟನ್ನು ಬಿಚ್ಚಿದ್ದಳು.

ಮನೆಗೆ ಬಂದ ಮೇಲೆ ಮಗಳು ಅನ್ನ ಕೇಳಲಿಲ್ಲ, ಆಟದ ಸಾಮಾನು ಕೇಳಲಿಲ್ಲ. ಹಿಂದಿನ ಮನೆಯ ಅಜ್ಜಿಯ ಕೆಮ್ಮು ಕಿಟಕಿಯಲ್ಲಿ ಕೇಳಿಸಿತಲ್ಲ, ಸುಳ್ಳು ಹೇಳಲು ಜಾಗವೇ ಇರಲಿಲ್ಲ. “ಅಜ್ಜಿ ಊರಿಂದ ಬಂದಿದೆ, ಕರಿ” ಎಂದು ಹಟ ಹಿಡಿದಳು. ನಾನು ಸೀರೆ ಸರಿಮಾಡಿಕೊಂಡು ಹಿತ್ತಲ ದಾರಿಯಲ್ಲಿ ಹೋದೆ. ಅಜ್ಜಿ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಷ್ಟು ತಿಂಗಳ ಮೇಲೆ ಅವಳ ಮುಖ ಹತ್ತಿರದಿಂದ ನೋಡಿದ್ದು ಅವತ್ತು. ಕೆನ್ನೆ ಬತ್ತಿ ಹೋಗಿತ್ತು.

“ಅಜ್ಜೀ, ಬನ್ನಿ. ಮಗು ಕರೀತಿದೆ. ಹೊಟ್ಟೆ ನೀವಬೇಕಂತೆ. ಈಗ ನೀವಬಹುದು ಅಂತ ಡಾಕ್ಟರೇ ಹೇಳಿದಾರೆ” ಎಂದೆ. ನೀನು ಹೋಗಿ ಮತ್ತೆ ನೀವು ಬಂದಿತ್ತು. ಅದು ಅವಳಿಗೂ ಗೊತ್ತಾಗಿರಬೇಕು.

ಅವಳು ಮೊರ ಕೆಳಗಿಟ್ಟು ಹಿಂದೆ ಬಂದಳು. ಅವಳನ್ನು ಕಂಡದ್ದೇ ಮಗಳ ಮುಖ ಅರಳಿತು. ಎದ್ದು ಕೂರಲು ಆಗದವಳು ತಾನೇ ಫ್ರಾಕನ್ನು ಎದೆಯವರೆಗೆ ಎತ್ತಿ ಹಿಡಿದುಕೊಂಡು ಕಣ್ಣು ಮುಚ್ಚಿದಳು. ನಾನು ಕಾಯಿಸಿದ ಎಣ್ಣೆಯ ಬಟ್ಟಲು ತಂದು ಅಜ್ಜಿಯ ಮುಂದೆ ಹಿಡಿದೆ. ಅಜ್ಜಿ ಮಂಚದ ಪಕ್ಕದಲ್ಲಿ ನಿಂತು ಆ ಹೊಟ್ಟೆಯನ್ನು ನೋಡಿದಳು. ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ಬ್ಯಾಡ ಕೂಸೇ. ಈ ಕೈ ಕೊಳೀಲಿ ಅಂತ ನಿನ್ನಮ್ಮ ಹೇಳಿದಾಳೆ. ಕೊಳೆತ ಕೈಲಿ ನಿನ್ನ ಮುಟ್ಟಬಾರ್ದು” ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಮೆತ್ತಗೆ, ಮಗುವಿಗೆ ಹೇಳುವ ಹಾಗೆಯೇ ಹೇಳಿದಳು. ಅದು ಪಾಪಭಯವೋ ಸೇಡೋ ನನಗೆ ಇವತ್ತಿಗೂ ತಿಳಿದಿಲ್ಲ. ಎರಡೂ ಇತ್ತೆಂದೇ ನನ್ನ ನಂಬಿಕೆ. ನಾನು ಅವಳ ಕಾಲು ಹಿಡಿದೆ. ಅವಳು ಕಾಲು ಬಿಡಿಸಿಕೊಂಡು ಹೋದಳು. ಮಗಳು ಕಣ್ಣು ಮುಚ್ಚಿಯೇ ಇದ್ದಳು, ಫ್ರಾಕು ಎತ್ತಿ ಹಿಡಿದೇ ಇದ್ದಳು. ಅಜ್ಜಿ ಎಣ್ಣೆ ಹಾಕಿಕೊಳ್ಳುತ್ತಿದ್ದಾಳೆ ಎಂದು ಕಾಯುತ್ತಿದ್ದಳೋ ಏನೋ...

ನಾನೇ ಎಣ್ಣೆ ಹಚ್ಚಿಕೊಂಡು ಕೂತೆ. ನೀವಿದೆ. “ಹಂಗಲ್ಲ” ಎಂದಳು. ಇನ್ನಷ್ಟು ಮೆಲ್ಲಗೆ ನೀವಿದೆ. “ಹಂಗಲ್ಲ ಅಮ್ಮ.” ಮೇಲಿಂದ ಕೆಳಗೆ, ಕ್ರಾಸಾಗಿ, ಸುತ್ತಲೂ, ಬೆರಳ ತುದಿಯಿಂದ, ಎಲ್ಲ ಮಾಡಿದೆ. ಅವಳ ಅಪ್ಪನೂ ಮಾಡಿ ನೋಡಿದರು. ಇಬ್ಬರಿಗೂ ಅದೇ ಮಾತು. ನೋವಿಗೆ ಸಿರಪ್ ಇತ್ತು, ನೋವಿಗಾಗಿ ಅವಳು ಅಳಲಿಲ್ಲ. ಹಂಗಲ್ಲ ಎಂದೇ ಅತ್ತಳು. ನಾನು ಮತ್ತೆ ಹಿತ್ತಲಿಗೆ ಓಡಿ, ಅಜ್ಜಿಯ ಮುಚ್ಚಿದ ಬಾಗಿಲ ಮುಂದೆ ನಿಂತು, “ಮುಟ್ಟಬೇಡಿ ಅಜ್ಜೀ, ಹೆಂಗೆ ಅಂತಾದ್ರೂ ಹೇಳಿ” ಎಂದು ಕೂಗಿದೆ. ಬಾಗಿಲ ಹಿಂದೆಯೇ ಅವಳು ನಿಂತಿದ್ದಳು, ಸಂದಿಯಲ್ಲಿ ಸೀರೆಯ ಅಂಚು ಕಾಣುತ್ತಿತ್ತು. ತೆರೆಯಲಿಲ್ಲ. ಮಾರನೆಯ ಬೆಳಗಿನ ಬಸ್ಸಿಗೆ ತನ್ನ ಮಗಳ ಮನೆಗೆಂದು ಸೀತೂರಿಗೆ ಹೋದವಳು ಕೊಪ್ಪಕ್ಕೆ ಮತ್ತೆ ಬರಲೇ ಇಲ್ಲ. ಆ ವಾರ ಕಳೆಯುವುದರೊಳಗೆ ನನ್ನ ಮಗಳೂ ಹೋದಳು.

ಕಾಲ ಎಲ್ಲವನ್ನೂ ಮರೆಸುತ್ತದೆ ಎಂದು ಸಮಾಧಾನ ಹೇಳಿದವರು ಬೇಕಾದಷ್ಟು ಜನ. ಅವರಿಗೆ ಚಹಾ ಕೊಟ್ಟು ಕಳಿಸಿದ್ದೇನೆ. ಗಡ್ಡೆ ಒತ್ತಿದ್ದಕ್ಕೆ ನಾನು ಅಜ್ಜಿಯನ್ನು ಎಂದೋ ಕ್ಷಮಿಸಿದ್ದೇನೆ, ಅದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಕೇರಿಗೇ ಗೊತ್ತಿರಲಿಲ್ಲ. ಅವತ್ತು ಕೈ ಸೆರಗಿನೊಳಗೆ ಇಟ್ಟುಕೊಂಡದ್ದಕ್ಕೆ ಕ್ಷಮಿಸಿಲ್ಲ. ನಾನು ಬಾಯಲ್ಲಿ ಅಂದದ್ದನ್ನು ಅವಳು ಮಗುವಿನ ಮೇಲೆ ತೀರಿಸಿಕೊಂಡಳು.

ಮೊನ್ನೆ ಆ ಹುಡುಗಿಯ ಅಳತೆಯೆಲ್ಲ ಬರೆದುಕೊಂಡ ಮೇಲೆ ಕೇಳಬಾರದೆಂದುಕೊಂಡೇ ಕೇಳಿದೆ. “ಮಗೂಗೆ ಯಾರು ಮೀಸ್ತಾರೆ?”

“ಈಗ ನಾನೇ ಆಂಟಿ. ಮೊದ್ಲು ನಮ್ಮ ಸೀತೂರಲ್ಲಿ ಒಬ್ರು ಅಜ್ಜಿ ಇದ್ರು. ಇಲ್ಲೇ ಕೊಪ್ಪದ ಕಡೆಯೋರಂತೆ, ಮಗಳ ಮನೇಲಿದ್ರು. ತುಂಬ ವಯಸ್ಸಾಗಿತ್ತು, ಆದ್ರೂ ಊರಿನ ಮಕ್ಕಳಿಗೆಲ್ಲ ಅವ್ರೇ. ಈ ಮಳೆಗಾಲದಲ್ಲಿ ತೀರ್ಕೊಂಡ್ರು” ಎಂದಳು.

ನಾನು ಸ್ಟೂಲಿನ ಮೇಲೆ ಕೂತೆ. ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ಹಾಗಾದರೆ ಸೀತೂರಿನ ಮಕ್ಕಳಿಗೆ ಆ ಕೈ ಕೊಳೆತಿರಲಿಲ್ಲ.

“ಹೊಟ್ಟೆ ನೀವ್ತಿದ್ರಾ?” ಎಂದೆ.

“ಇಲ್ಲ ಆಂಟಿ, ಅದೊಂದು ವಿಚಿತ್ರ. ಮೈಯೆಲ್ಲ ತಿಕ್ಕೋರು, ಹೊಟ್ಟೆ ಮಾತ್ರ ಮುಟ್ತಿರ್ಲಿಲ್ಲ. ಅದು ತಾಯಿ ಕೈಲೇ ಆಗ್ಬೇಕು ಅಂತ ನಮ್ಮನ್ನೇ ಕೂರ್ಸಿ ಕಲ್ಸೋರು. ಸರಿಯಾಗಿ ಬರೋವರೆಗೂ ಬಿಡ್ತಿರ್ಲಿಲ್ಲ, ಬೈದೂ ಬೈದೂ ಕಲ್ಸೋರು. ಗಟ್ಟಿ ಎಂತಾದ್ರೂ ಕೈಗೆ ಸಿಕ್ರೆ ಒತ್ಬೇಡ, ಅವತ್ತೇ ಡಾಕ್ಟ್ರ ಹತ್ರ ಓಡು ಅಂತಿದ್ರು.”

ಅಷ್ಟರಲ್ಲಿ ಮಗು ರಾಗ ಎಳೆಯಲು ಶುರುಮಾಡಿತು. ಹುಡುಗಿ ಅಂಗಿ ಎತ್ತಿ ಅದರ ಹೊಟ್ಟೆಯ ಮೇಲೆ ಕೈ ಇಟ್ಟಳು. “ನೋಡಿ, ಹೀಗೆ. ಬೆರಳು ತಾಗ್ಬಾರ್ದು, ಬರೀ ಅಂಗೈ. ಬಲಗಡೆಯಿಂದ ಬಂದು ಹೊಕ್ಕುಳ ಮೇಲೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿಸ್ಬೇಕು. ಮಗು ಉಸಿರು ಬಿಟ್ಟ ಮೇಲೆ ಮುಂದೆ ಹೋಗ್ಬೇಕು. ಅಷ್ಟೇ.” ಮಗು ಸುಮ್ಮನಾಯಿತು.

ಅಷ್ಟೇ ಇತ್ತು. ಬಾಗಿಲ ಸಂದಿಯಲ್ಲಿ ನಿಂತು ಹೇಳಬಹುದಾದಷ್ಟು. ನಾನು ಬೆರಳು ಹಾಕಿದ್ದೆ, ಎಲ್ಲೂ ನಿಲ್ಲಿಸದೆ ನೀವಿದ್ದೆ.

“ನೀವೂ ಮಾಡಿ ನೋಡಿ” ಎಂದು ಹುಡುಗಿ ನನ್ನ ಕೈ ತೆಗೆದುಕೊಂಡು ಮಗುವಿನ ಹೊಟ್ಟೆಯ ಮೇಲೆ ಇಟ್ಟಳು. ಬೆಚ್ಚಗಿತ್ತು, ಮೆತ್ತಗಿತ್ತು, ಒಳಗೆಲ್ಲೂ ಏನೂ ಗಟ್ಟಿ ಇರಲಿಲ್ಲ. ನಾನು ಬಲಗಡೆಯಿಂದ ಅಂಗೈ ಸರಿಸಿ, ಹೊಕ್ಕುಳ ಮೇಲೆ ನಿಲ್ಲಿಸಿ, ಉಸಿರು ಬಿಡುವವರೆಗೆ ಕಾದು, ಮುಂದೆ ಹೋದೆ. ಎರಡು ಸಲ ಮಾಡುವಷ್ಟರಲ್ಲಿ ಮಗುವಿನ ಕಣ್ಣು ಮುಚ್ಚಿಕೊಂಡು ಬಂತು.

“ಎಷ್ಟು ಚೆನ್ನಾಗಿ ಬರುತ್ತಲ್ಲ ಆಂಟಿ ನಿಮ್ಗೆ” ಎಂದಳು ಹುಡುಗಿ.

ಹೌದು. ಈಗ ಬರುತ್ತದೆ.